ಬಂದೆ

ಅಮ್ಮಾ,

ಮನೆಗೆ ಬೆಂಕಿ ಬಿದ್ದರೆ ಹೇಗೆ ಹೊರಬರಬೇಕೆಂದು ಇವತ್ತು ಮಕ್ಕಳಿಗೆ ತಾಲೀಮು ಕೊಟ್ಟೆ. ಎಲ್ಲಾ ನೀನು ಕಲಿಸಿದ್ದೇ: ಹೊಗೆಯಲ್ಲಿ ತೆವಳಿ ಬಾ, ಗೇಟಿನ ಹತ್ತಿರ ನಿಲ್ಲು, ಕರೆದಾಗ ಓಗೊಡು. ಓಗೊಡುವ ಮಾತನ್ನು ಮಾತ್ರ ಬದಲಾಯಿಸಿದ್ದೇನೆ.

ಅಂದು ಬೆಂಕಿ ಬಿದ್ದಾಗ ಅಪ್ಪ ಗೇಟಿನಿಂದ ಕೂಗಿದರು, ನೀನು "ಬಂದೆ" ಅಂದೆ. ಹೊಗೆಯಲ್ಲಿ ಮುಖ ಕಾಣದಿದ್ದರೂ ಬಂದಾಯಿತು ಅಂದುಕೊಂಡೆವು. ನೀನು ಒಳಗೇ ಇದ್ದೆ. ಯಾವಾಗ ಕರೆದರೂ ಒಲೆ ಬಿಟ್ಟು ಕದಲದೆ "ಬಂದೆ, ಬಂದೆ" ಅನ್ನುವವಳಲ್ಲವೇ ನೀನು!

ಈಗ ನಮ್ಮಲ್ಲಿ "ಹೊರಗಿದ್ದೀನಿ" ಅನ್ನಬೇಕು. ಮಕ್ಕಳು ಅಂದರು, ಇವರೂ ಅಂದರು. ಆಗ ಚಿಕ್ಕವಳು ತಮಾಷೆಗೆ "ಅಜ್ಜೀ" ಎಂದು ಕೂಗಿದಳು.

ಖಾಲಿ ಅಡುಗೆಮನೆಯಿಂದ "ಬಂದೆ" ಎಂದು ಕೇಳಿಸಿತು.

ಅವಳು ಕಿಲಕಿಲ ನಕ್ಕಳು. "ಅಜ್ಜಿ ಇನ್ನೂ ಹಳೇದೇ ಹೇಳ್ತಾರೆ!"

ಕತ್ತಲಾಗುತ್ತಿದೆ, ಅಮ್ಮಾ. ಎಲ್ಲರೂ ಇನ್ನೂ ಗೇಟಿನ ಹತ್ತಿರವೇ ನಿಂತಿದ್ದೇವೆ.