ಹಲ್ಲಿನಲ್ಲಿ ಕಡಿದ ದಾರ

ಪ್ರೀತಿಯ ತಮ್ಮನಿಗೆ,

ಗುರುವಾರ ಉಳಿದ ಒಂಬತ್ತು ಹಲ್ಲನ್ನೂ ಕೀಳಿಸಿ, ನನ್ನಂತೆ ದವಡೆಯ ಮೂಳೆಗೆ ಸ್ಕ್ರೂ ಹಾಕಿ ಬಿಗಿಯುವ ಹಲ್ಲಿನ ಸೆಟ್ಟು ಕೂರಿಸಿಕೊಳ್ಳುತ್ತೀಯಂತೆ. ನನ್ನ ನಗು ನೋಡಿಯೇ ಮನಸ್ಸು ಮಾಡಿದೆಯೆಂದು ನಿನ್ನ ಹೆಂಡತಿ ಬರೆದಿದ್ದಾಳೆ.

ಹನ್ನೊಂದು ವರ್ಷ ನಾನು ಆ ಸೆಟ್ಟಿನ ಹಲ್ಲಿನಲ್ಲೇ ಹೊಲಿಗೆಯ ದಾರ ಕಡಿದೆ. “ವರ್ಷಕ್ಕೊಂದ್ಸಲ ತೋರಿಸ್ತಿರಿ ಅಮ್ಮಾ” ಎಂದಿದ್ದರು ಡಾಕ್ಟರು. “ಕಬ್ಬಿಣಕ್ಕೆ ಹುಳುಕು ಹಿಡಿಯುತ್ತಾ ಡಾಕ್ಟ್ರೇ?” ಎಂದು ನಕ್ಕು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಲ್ಲು ಹಾಗೇ ಇತ್ತು, ಒಸಡಿನೊಳಗೆ ಕೀವಾಗಿ ದವಡೆಯ ಮೂಳೆ ಸವೆಯಿತು. ಸೋಮವಾರ ಕೆಳಗಿನ ಸೆಟ್ಟು ಪೂರ್ತಿ ತೆಗೆದರು. ಇನ್ನೊಂದು ಕೂರಿಸಲು ಮೂಳೆಯಿಲ್ಲವಂತೆ.

ಕೀಳಿಸುವ ಮುಂಚೆ ನಿನ್ನವುಗಳಲ್ಲಿ ಉಳಿಯುವಂಥವು ಇವೆಯೇ ಎಂದು ಇನ್ನೊಬ್ಬ ಡಾಕ್ಟರನ್ನು ಕೇಳು. ಹಾಕಿಸಿಕೊಂಡರೂ ತಪ್ಪದೆ ತೋರಿಸುತ್ತಿರು. ಈ ಕಡೆ ಬಂದರೆ ದಾರ ಕತ್ತರಿಸುವ ಸಣ್ಣ ಕತ್ತರಿ ತಾ.

ಫೋನ್ ಎತ್ತಲಿಲ್ಲವೆಂದು ಮುನಿಯಬೇಡ. ಈಗ ನಾನಾಡುವ ಮಾತು ನನಗೇ ತಿಳಿಯುವುದಿಲ್ಲ.

ನಿನ್ನ ಅಕ್ಕ