ಯಾರ ಪಾಲು ಮೊದಲು ಏಳಬೇಕು

೧೪-೧೧-೧೯೮೮
ದುಬಲಗುಂಡಿ ಬಸ್ಸು ಮತ್ತೆ ಲೇಟು. ಹುಮನಾಬಾದ ಮುಟ್ಟಿದಾಗ ಹತ್ತೂಕಾಲು. ಕಂಪ್ಯೂಟರ್ ಕ್ಲಾಸಿನ ಕೀಲಿ ನಾನೇ ತೆಗೆದೆ. ಮಾಲಕರು ಅಣ್ಣ-ತಮ್ಮ, ಮಹಾರುದ್ರಪ್ಪ, ನಾಗನಾಥ. ಈಗ ಬೇರೆ ಆಗುತ್ತಿದ್ದಾರೆ. ಕುರ್ಚಿ, ಫ್ಯಾನು, ಟೈಪರೈಟರು ಹಂಚಿ ಆಯಿತು. ಉಳಿದದ್ದು ಒಂದೇ ಒಂದು ಕಂಪ್ಯೂಟರ್.

"ದ್ರೌಪತಿ, ಇದರದೂ ವಾಟಣಿ ಆಗ್ಲಿ," ಅಂದರು ಅಣ್ಣ. "ಸಮ ಸಮ ಎರಡು ಪಾಲು ಮಾಡು."

ತಮಾಷೆ ಅಂದುಕೊಂಡೆ. ಅಲ್ಲ.

೧೭-೧೧
ಮೂರು ದಿನ ಡಿಕ್ಷನರಿ ಹಿಡಿದು ಮ್ಯಾನುಯಲ್ ಓದಿದೆ. ಆಯಿತು! ಒಂದೇ ಡಿಸ್ಕು, ಎರಡು ಪಾಲು. ಒಂದರಲ್ಲಿ ಡಾಸ್, ಒಂದರಲ್ಲಿ ಜೆನಿಕ್ಸ್ — ಕಂಪ್ಯೂಟರ್ ನಡೆಸುವ ಬೇರೆ ಬೇರೆ ಸಿಸ್ಟಮ್. ಕಂಪ್ಯೂಟರ್ ಚಾಲೂ ಮಾಡಿದಾಗ ಒಂದು ಸಲಕ್ಕೆ ಒಂದೇ ಏಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಜೆನಿಕ್ಸ್. ಡಾಸ್ ಬೇಕಾದರೆ ಅದರ ಹೆಸರು ಟೈಪ್ ಮಾಡಬೇಕು. ಖುಷಿಗೆ ಒಬ್ಬಳೇ ಚಪ್ಪಾಳೆ ಹೊಡೆದೆ. ಈ ಊರಲ್ಲಿ ಇದನ್ನು ಮಾಡಿದವರು ಇನ್ಯಾರಿದ್ದಾರೆ?

೧೮-೧೧
ದೊಡ್ಡವ ಪಾಲು ಮಾಡಬೇಕು, ಸಣ್ಣವ ಮೊದಲು ಆರಿಸಬೇಕು — ಇವರ ಮನೆ ಪದ್ಧತಿ. ನಾಗನಾಥ ಜೆನಿಕ್ಸ್ ಆರಿಸಿದರು. ಅಣ್ಣನ ಮುಖ ಕೆಂಪಾಯಿತು.

"ಅಂವಂದು ತಾನ ಏಳ್ತದ. ನಂದು ಹೆಸರು ಹಿಡಿದು ಕರದ್ರ ಏಳಬೇಕೇನ? ಹಿರ್ಯಾ ಯಾರ?"

"ಯಾವದು ಬೇಕಂದ್ರ ಅದು ಮೊದಲು ಇಡ್ತೀನ್ರಿ."

"ಹಾಂಗಾದ್ರ ನಂದು ಯಾಕ ಇಡಲಿಲ್ಲ?"

ಮ್ಯಾನುಯಲಿನಲ್ಲಿ ಹಾಗೇ ಇತ್ತು, ಅಷ್ಟೇ.

೨೧-೧೧
ಅಣ್ಣನದು ಮೊದಲು ಮಾಡಿದೆ. ತಮ್ಮ ರೇಗಿದರು. ತಮ್ಮನದು ಮಾಡಿದೆ. ಅಣ್ಣ ಬಾಗಿಲು ಬಡಿದು ಹೋದರು. ಕಲಿಯಲು ಬಂದವರು ಕೀಬೋರ್ಡ್ ಮುಟ್ಟದೆ ವಾಪಸ್. ಹೆದರಿಕೆ ಆಗುತ್ತಿದೆ. ನನಗೆ ಈ ಕೆಲಸ ಸಿಕ್ಕ ಮೇಲೇ ಅವ್ವ ಕೂಲಿ ಬಿಟ್ಟದ್ದು. ಇದು ಹೋಗಬಾರದು.

೨೯-೧೧
ಅವರ ಅಪ್ಪ ಬಸವಣಪ್ಪ ಬಸವಕಲ್ಯಾಣದಿಂದ ಬಂದರು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

"ಇದನ್ನ ಎರಡು ಮಾಡಿದಾಕಿ ನೀನೇನ?"

"ಹೌದ್ರಿ. ಮಾಲಕ್ರೇ ಮಾಡಂದ್ರು."

"ಅಂದ್ರ ಮಾಡೂದೇನ? ಹೊರಗಿನಾಕಿ ಬಂದು ಮನಿ ಒಡದ್ಳು."

ಮಕ್ಕಳಿಬ್ಬರೂ ತಲೆಯಾಡಿಸಿದರು. ಈ ತಿಂಗಳಲ್ಲಿ ಮೊದಲ ಸಲ ಇಬ್ಬರ ಮಾತು ಒಂದಾಯಿತು, ನನ್ನನ್ನು ಕೆಲಸದಿಂದ ಬಿಡಿಸುವುದರಲ್ಲಿ. ಥೂ. ಈಗ ವಾಟಣಿಯೇ ಇಲ್ಲವಂತೆ. ಕೂಡಿಯೇ ಇರುತ್ತಾರಂತೆ.

ಎರಡೂ ಸಿಸ್ಟಮ್ ಎಬ್ಬಿಸುವ ರೀತಿ ಹಾಳೆಯ ಮೇಲೆ ಬರೆಸಿಕೊಂಡರು. ಬರೆದುಕೊಟ್ಟೆ, ಹುಚ್ಚಿ. ಅಕ್ಷರ ಚಂದ ಅದಾವ ಅಂದರು ನಾಗನಾಥ.

೩೦-೧೧, ಬೆಳಿಗ್ಗೆ ೯
ಅವ್ವ ಬುತ್ತಿ ಕಟ್ಟಿ ನಿಂತಿದ್ದಾಳೆ.

"ಯಾಕ ದ್ರೌಪತಿ, ಇವತ್ತ ಸೂಟಿ ಏನ?"

ಹೂಂ ಅಂದೆ.

"ನಾಳಿ ಹೋಗ್ತಿ, ಹೌದಿಲ್ಲೋ?"

ರೊಟ್ಟಿ ಇನ್ನೂ ಬಿಸಿ ಇದೆ. ಹೇಳಬೇಕು. ಈಗಲೇ ಎದ್ದು ಹೋಗಿ, ಅವ್ವಾ, ನಾಳೆಯೂ —