ಮನೆಗೆಲ್ಲ ಒಂದೇ ಮೇಲ್ ಐಡಿ

ರೀ,

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಅತ್ತೆಯ ಬಿಪಿ ಮಾತ್ರೆ ತಿಂಡಿ ಆದ ಮೇಲೆ ಕೊಡಿ, ಮೊದಲೇ ಬೇಡ.

ಜಾಲಹಳ್ಳಿಯ ಶಾಲೆಯಲ್ಲಿ ಲೈಬ್ರರಿ ಕೆಲಸಕ್ಕೆ ನಾನು ಹಾಕಿದ ಅರ್ಜಿ ನಾಲ್ಕು ದಿನದಿಂದ ಫೋನಿನ ಔಟ್‌ಬಾಕ್ಸ್‌ನಲ್ಲೇ ಕೂತಿತ್ತು. ನೆಟ್ ಆಫ್ ಮಾಡಿ ಆನ್ ಮಾಡಿದೆ. ಫೋನ್ ರೀಸ್ಟಾರ್ಟ್ ಮಾಡಿದೆ. ಅರ್ಜಿಯ ಫೋಟೊ ಚಿಕ್ಕದು ಮಾಡಿ ಮತ್ತೆ ಕಳಿಸಿದೆ. ನಿಮ್ಮನ್ನು ಕೇಳಿದರೆ, "ನಿಂಗೆ ಫೋನ್ ಬಳಸೋಕೇ ಬರಲ್ಲ ಕಣೇ" ಅಂತ ನನ್ನ ತಮ್ಮನ ಎದುರಿಗೇ ನಕ್ಕಿರಿ.

ಬರುತ್ತೆ. ಸೆಟ್ಟಿಂಗ್ಸ್ ತೆರೆದು ನಾನೇ ಕಂಡುಹಿಡಿದೆ. ರೇಷನ್ ಕಾರ್ಡಿನ ಹಾಗೆ ಮನೆಗೆಲ್ಲ ಒಂದೇ ಮೇಲ್ ಐಡಿ ಸಾಕು ಅಂತ ನಿಮ್ಮ ಹೆಸರಲ್ಲಿ ಮಾಡಿಸಿದಿರಲ್ಲ, ಅದು ತುಂಬಿ ತುಳುಕುತ್ತಿದೆ. ನೀವು ಗಿರಾಕಿಗಳಿಗೆ ತೋರಿಸುವ ಕೋಗಿಲು ಸೈಟುಗಳ ಡ್ರೋನ್ ವಿಡಿಯೊಗಳೇ ಇನ್ನೂರಕ್ಕೆ ಮೇಲಿವೆ. ಅದರಲ್ಲಿ ಜಾಗ ಇಲ್ಲದಿದ್ದರೆ ಯಾರ ಇಮೇಲ್ ಕೂಡ ಹೋಗುವುದಿಲ್ಲ, ಬರುವುದೂ ಇಲ್ಲ. ನಾನು ಒಂದನ್ನೂ ಅಳಿಸಿಲ್ಲ. ತುಂಬಿದವರೇ ಅಳಿಸಲಿ.

ನಿನ್ನೆ ಬೆಳಿಗ್ಗೆ ನನ್ನ ಹೆಸರಲ್ಲೇ ಒಂದು ಐಡಿ ಮಾಡಿಕೊಂಡೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ. ಅರ್ಜಿ ಒಂದೇ ಏಟಿಗೆ ಹೋಯಿತು, ಸಂಜೆಗೆ ಉತ್ತರವೂ ಬಂತು. ಇವತ್ತು ಹನ್ನೊಂದಕ್ಕೆ ಇಂಟರ್‌ವ್ಯೂ. ಕೇಳಿ ಹೋಗಬೇಕಿತ್ತು ಅನ್ನಬೇಡಿ. ಹೇಳಿಯೇ ಹೋಗುತ್ತಿದ್ದೇನೆ, ಈ ಚೀಟಿಯಲ್ಲಿ.

ಮಧ್ಯಾಹ್ನದ ಅನ್ನಕ್ಕೆ ನೀವೇ ಕುಕ್ಕರ್ ಇಡಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಮೂರು ವಿಷಲ್. ಇಂಟರ್‌ವ್ಯೂ ಮುಗಿಯುವವರೆಗೆ ಫೋನ್ ಎತ್ತುವುದಿಲ್ಲ. ಏನಾದರೂ ಗೊತ್ತಾಗದಿದ್ದರೆ ನನ್ನ ಹೊಸ ಐಡಿಗೆ ಮೇಲ್ ಮಾಡಿ.

ಅಯ್ಯೋ, ನಿಮ್ಮದು ಹೋಗುವುದಿಲ್ಲ ಅಲ್ಲವಾ. ಮೊದಲು ಕೂತು ವಿಡಿಯೊ ಅಳಿಸಿ.

ಮಂಜುಶ್ರೀ